ಎಸೆನ್ ಹೇಳಹೊರಟಿದ್ದ ಮಾತು

ಕೋಕ್-ಬುಲುನ್,
ಅಕ್ಟೋಬರ್ ಹದಿನೇಳು, ಗುರುವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಕೆಸರಿನ ಪಟ್ಟಿ ಹಾಕಿಸಿಕೊಂಡ ಮೇಲೆ ಮೆಟ್ಟಿಲು ಹತ್ತಲು ಆಗುತ್ತಿದೆಯೇ, ಇಲ್ಲ ಪಕ್ಕದ ಕೋಣೆಯವರನ್ನು ಕೂರಿಸಿಕೊಂಡು ಚದುರಂಗ ಆಡುತ್ತಾ ಪಟ್ಟಿಯ ಹೊತ್ತನ್ನೇ ತಪ್ಪಿಸುತ್ತಿದ್ದೀರೋ? ಅಲ್ಲಿಯ ಅಡಿಗೆಯಲ್ಲಿ ಉಪ್ಪೇ ಇಲ್ಲವೆಂದು ಅಮ್ಮನ ಹತ್ತಿರ ದೂರಿದಿರಂತೆ. ಉಪ್ಪು ತಿನ್ನಬಾರದೆಂದೇ ವೈದ್ಯರು ನಿಮ್ಮನ್ನು ಸರೋವರದ ದಂಡೆಯ ಆರೋಗ್ಯಧಾಮಕ್ಕೆ ಕಳಿಸಿದ್ದು. ಪೆಟ್ಟಿಗೆಯ ತಳದಲ್ಲಿ ಟವೆಲು ಸುತ್ತಿ ಕುದುರೆ ಮಾಂಸದ ಸಾಸೇಜು ಒಯ್ದಿದ್ದೀರಿ ಎನ್ನುವುದು ಅಮ್ಮನಿಗೆ ಗೊತ್ತಾಗಿದೆ. ಕಪಾಟಿನಲ್ಲಿ ಟವೆಲು ಕಡಿಮೆಯಾದದ್ದನ್ನು ನೋಡಿ ಅವಳು ಇದನ್ನು ಕಂಡುಹಿಡಿದಳು. ಪೊಲೀಸ್ ಇಲಾಖೆ ನಿಮ್ಮ ಬದಲು ಅವಳನ್ನು ಸೇರಿಸಿಕೊಳ್ಳಬೇಕಿತ್ತು. ಅವಳ ರಕ್ತದೊತ್ತಡ ಹತೋಟಿಯಲ್ಲಿದೆ. ಎಲೆಕೋಸು ಹುಳಿಹಾಕುವ ಕೆಲಸ ಮುಗಿಯಿತು. ನನ್ನ ಜೊತೆ ಮಾತ್ರ ಈ ವಾರವೆಲ್ಲ ಸರಿಯಾಗಿ ಮಾತಾಡುತ್ತಿಲ್ಲ. ತಟ್ಟೆ ಇಡುವಾಗ ಸದ್ದು ಮಾಡುತ್ತಾಳೆ, ಅಷ್ಟೇ. ಕಾರಣ ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಲು ಹೊರಟಿದ್ದೆ. ನಾನು "ಅಪ್ಪಾ, ಆ ಹುಲ್ಲಿನ ವಿಷಯ" ಎನ್ನುತ್ತಿದ್ದ ಹಾಗೆ ನೀವು "ಗೊತ್ತಮ್ಮ, ಗೊತ್ತು, ಅದು ಮುಗೀತಲ್ಲ" ಎಂದು ರೇಡಾನ್ ನೀರಿನ ಸ್ನಾನದ ವರ್ಣನೆ ಶುರುಮಾಡಿದಿರಿ. ಮಾರನೆಯ ದಿನ ಇನ್ನೊಮ್ಮೆ ಪ್ರಯತ್ನಿಸಿದೆ. ನರ್ಸಮ್ಮ ಬಂದಳೆಂದು ಇಟ್ಟುಬಿಟ್ಟಿರಿ. ನನಗೆ ರೋಸಿಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸು ಓಡಿಸುವ ಜೋರೊಬೆಕ್ ನಾಳೆ ಆ ಕಡೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ದಯವಿಟ್ಟು ಕನ್ನಡಕ ಹಾಕಿಕೊಂಡು, ಒಂದೇ ಕಡೆ ಕೂತು, ಕೊನೆಯವರೆಗೂ ಓದಿ.

ನೀವು ಇಲ್ಲಿಂದ ಹೊರಡುವ ಹಿಂದಿನ ವಾರ ಸಹಕಾರಿ ಸಂಘದ ಹುಲ್ಲಿನ ಬಣವೆ ಸುಟ್ಟುಹೋದದ್ದು ನಿಮಗೆ ಗೊತ್ತೇ ಇದೆ. ಚಳಿಗಾಲಕ್ಕೆಂದು ಇಡೀ ಊರು ಬೇಸಿಗೆಯೆಲ್ಲ ಕೊಯ್ದು ಒಟ್ಟಿದ ಹುಲ್ಲು. ಕಾವಲುಗಾರ ಅಸಾಂಕುಲ್ ಅಜ್ಜ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ. ಹೊಗೆ ಕುಡಿದು ಗಂಟಲು ಕಟ್ಟಿಹೋಗಿತ್ತು, ಅವನನ್ನು ಮಾತಾಡಿಸಲು ವೈದ್ಯರು ಬಿಡುತ್ತಿರಲಿಲ್ಲ. ಈಗ ಜನ ದನ ಕುರಿಗಳನ್ನು ಅರ್ಧ ಬೆಲೆಗೆ ಮಾರುತ್ತಿದ್ದಾರೆ, ಇಲ್ಲವೇ ಕಡಿಯುತ್ತಿದ್ದಾರೆ. ಊರಿಗೆ ಊರೇ ಸಿಟ್ಟಿನಲ್ಲಿತ್ತು. ಆ ಸಿಟ್ಟಿಗೆ ಒಬ್ಬ ಮನುಷ್ಯ ಬೇಕಾಗಿತ್ತು. ಎಸೆನ್ ಸಿಕ್ಕಿದ. ವಸಂತದಲ್ಲಿ ಸಂಘದವರು ಅವನನ್ನು ಕುದುರೆ ಕಾಯುವ ಕೆಲಸದಿಂದ ತೆಗೆದುಹಾಕಿದ್ದರು. ಅವನು ಬಜಾರಿನ ನಡುವೆ ನಿಂತು "ನಿಮ್ಮ ಹುಲ್ಲು ಸುಟ್ಟು ಬೂದಿಯಾಗ್ಲಿ" ಎಂದು ಕೂಗಿದ್ದನ್ನು ಅರ್ಧ ಊರು ಕೇಳಿತ್ತು. ಹುಟ್ಟಿನಿಂದ ಉಗ್ಗುವ ಹುಡುಗ, ತನ್ನ ಹೆಸರು ಹೇಳುವುದರಲ್ಲೇ ಎದುರಿಗಿದ್ದವರು ಟೋಪಿ ಸರಿಮಾಡಿಕೊಂಡು ಹೊರಟುಬಿಡುತ್ತಾರೆ. ಆ ಶಾಪ ಮಾತ್ರ ಒಂದಕ್ಷರ ತಡವರಿಸದೆ ಬಂತಂತೆ. ಉಗ್ಗುವವರಿಗೆ ಬೈಗುಳ ಸಲೀಸಾಗಿ ಬರುತ್ತದೆ, ಅದು ಎಲ್ಲ ಕಡೆಯೂ ಇರುವುದೇ. ನಮ್ಮ ಊರಿನವರಿಗೆ ಅದೇ ಸಾಕ್ಷಿಯಾಯಿತು. "ಮನಸಲ್ಲಿ ಇದ್ದಿದ್ದು ಕಣೇ ಅದು, ಇಲ್ದಿದ್ರೆ ಅಷ್ಟು ಸಲೀಸಾಗಿ ಹೇಗ್ ಬರುತ್ತೆ" ಎಂದು ಹಾಲು ತರುವವಳು ನನಗೇ ಪಾಠ ಹೇಳಿದಳು.

ಕಡತ ನನ್ನ ಮೇಜಿಗೆ ಬರುವ ಹೊತ್ತಿಗೆ ತಪ್ಪೊಪ್ಪಿಗೆ ಸಿದ್ಧವಾಗಿ ಅದರೊಳಗೆ ಕೂತಿತ್ತು. ನಮ್ಮ ಮುಖ್ಯಸ್ಥ, ನಿಮ್ಮ ಶಿಷ್ಯೋತ್ತಮ ಶೈಲೂಬೆಕ್, ಕಡತವನ್ನು ಮೇಜಿನ ಮೇಲೆ ಹಾಕಿ, "ಬುರುಲ್, ಇದರಲ್ಲಿ ಕೆಲ್ಸ ಏನೂ ಇಲ್ಲ. ವಕೀಲರನ್ನ ಕರೆಸಿ ಕ್ಯಾಮೆರಾ ಮುಂದೆ ಇನ್ನೊಂದ್ಸಲ ಹೇಳಿಸ್ಬಿಡು, ಮುಗೀತು" ಎಂದರು. ಕೆಳಗೆ ಬರೆದುಕೊಂಡವನ ಹೆಸರು ತಿಲೆಕ್ ಎಂದಿತ್ತು. ನಮ್ಮ ಠಾಣೆಯಲ್ಲಿ ಎಲ್ಲರಿಗಿಂತ ಹೊಸಬನಾದ ಲೆಫ್ಟಿನೆಂಟ್, ನೀವು ಬಂದಾಗಲೆಲ್ಲ ಎದ್ದುನಿಂತು ಕುರ್ಚಿ ಎಳೆದುಕೊಡುವವನು. ಓದಿದೆ. "ಸದರಿ ದಿನಾಂಕದಂದು ಮಧ್ಯಾಹ್ನ ನಾನು ಸಂಘದ ಮೇಲಿನ ದ್ವೇಷದಿಂದ ಪ್ರೇರಿತನಾಗಿ ರಸ್ತೆಯ ಬದಿಯಿಂದ ಬಣವೆಗೆ ಬೆಂಕಿಕಡ್ಡಿ ಗೀರಿ" ಎಂದು ಶುರುವಾಗಿ ಪುಟದ ಕೊನೆವರೆಗೂ ಎಲ್ಲೂ ಎಡವದ ಭಾಷೆ. ದ್ವೇಷದಿಂದ ಪ್ರೇರಿತನಾಗಿ. ಎಸೆನ್ ಬಾಯಲ್ಲಿ ಈ ಮಾತು. ಅಪ್ಪಾ, ನನಗೆ ಅಲ್ಲೇ ತಲೆ ಚಿಟ್ಟುಹಿಡಿಯಿತು. ಸಾಲದ್ದಕ್ಕೆ ಅಗ್ನಿಶಾಮಕದವರು ಬೆಂಕಿ ಹೊಳೆಯ ಬದಿಯಿಂದ ಎದ್ದಿದೆ, ರಸ್ತೆಯ ಬದಿಯ ಹುಲ್ಲು ಕೊನೆಗೆ ಸುಟ್ಟದ್ದು ಎಂದು ಬರೆದಿದ್ದರು. ಆ ವರದಿಯೂ ಅದೇ ಕಡತದಲ್ಲಿತ್ತು. ಎರಡನ್ನೂ ಒಟ್ಟಿಗೆ ಓದುವ ತೊಂದರೆ ಯಾರೂ ತೆಗೆದುಕೊಂಡಿರಲಿಲ್ಲ.

ಶೈಲೂಬೆಕ್ ಅವರನ್ನು ಕೇಳಿದೆ: ಇದನ್ನು ಬರೆದುಕೊಂಡಾಗ ವಕೀಲರು ಇದ್ದರೇ? ಇರಲಿಲ್ಲ. ಹಕ್ಕುಗಳನ್ನು ಹೇಳಿದ್ದರೇ? "ಅಯ್ಯೋ, ಅದು ವಿಚಾರಣೆಯೇ ಅಲ್ಲಮ್ಮ, ಬರೀ ಮಾತುಕತೆ." ಮಾತುಕತೆಯಾದರೆ ಸಹಿ ಯಾಕೆ? "ಮಾತುಕತೆ ಆದ್ಮೇಲೆ ಅವನೇ ಬರ್ಕೊಡ್ತೀನಿ ಅಂದ." ಅವನೇ ಬರೆದಿದ್ದರೆ ಅಕ್ಷರ ತಿಲೆಕ್‌ನದು ಯಾಕೆ? ಅದಕ್ಕೆ ಅವರು ಕಿಟಕಿಯ ಹೊರಗೆ ನೋಡುತ್ತಾ, "ನಿಮ್ಮಪ್ಪನ ಕಾಲದಲ್ಲಿ ಇಷ್ಟೆಲ್ಲ ರಗಳೆ ಇರ್ಲಿಲ್ಲ ನೋಡು" ಎಂದರು. ದಿನಕ್ಕೊಮ್ಮೆ ಈ ಮಾತು ನನ್ನ ಕಿವಿಗೆ ಬೀಳಲೇಬೇಕು.

ಸಾಕ್ಷಿಯೊಬ್ಬಳಿದ್ದಳು. ಕಾಲುವೆಯಾಚೆಯ ಕಾನಿಶಾ ಅಕ್ಕ, ಅಮ್ಮನ ಜೊತೆ ಉಣ್ಣೆ ನೂಲುವ ಗೆಳತಿ. ಮೊದಲ ದಿನ "ಯಾರೋ ಒಬ್ಬ ಗಂಡಸು ಬಣವೆ ಹತ್ರ ಇದ್ದ" ಎಂದವಳು, ಎರಡನೆಯ ಹೇಳಿಕೆಯಲ್ಲಿ "ಎಸೆನ್ ಇದ್ದ" ಎಂದಿದ್ದಳು. ನಡುವೆ ಆದದ್ದೇನೆಂದರೆ ತಿಲೆಕ್ ತನ್ನ ಫೋನಿನಲ್ಲಿ ಎಸೆನ್‌ನ ಫೋಟೋ ತೋರಿಸಿ, ಇವನೇ ಅಲ್ವಾ ಅಕ್ಕಾ ಎಂದು ಕೇಳಿದ್ದ. ಒಂದೇ ಫೋಟೋ. ಸುಮಾರು ಒಂದೇ ವಯಸ್ಸಿನ, ಒಂದೇ ರೂಪಿನ ಹಲವರ ನಡುವೆ ಇಟ್ಟು ತೋರಿಸಬೇಕು, ಯಾರ ಹೆಸರನ್ನೂ ಬಾಯಿಬಿಡಬಾರದು ಎಂದು ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟವಳೇ ನಾನು. ಕೇಳಿದರೆ "ಅಕ್ಕಾ, ಎಲ್ರಿಗೂ ಗೊತ್ತಿದ್ದಿದ್ದೇ ಅಲ್ವಾ" ಎಂದ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ನೋಡಿದ ನೆನಪಿನ ಮೇಲೆ ಈಗ ಫೋಟೋದ ಮುಖ ಅಂಟಿಕೊಂಡಿದೆ. ಅದನ್ನು ಬಿಡಿಸುವುದು ಹೇಗೆ?

ಕಾನಿಶಾ ಅಕ್ಕನನ್ನು ಕರೆಸಿದೆ. ಎಸೆನ್ ಸುದ್ದಿಯನ್ನೇ ಎತ್ತದೆ, ಆ ಮಧ್ಯಾಹ್ನ ಏನೇನು ಮಾಡಿದೆ, ಏನೇನು ಕಂಡೆ, ಎಲ್ಲಿಂದ ಬೇಕಾದರೂ ಶುರುಮಾಡಿ ಹೇಳಕ್ಕಾ ಎಂದೆ. ಅವಳು ಸೊಸೆಯಿಂದ ಶುರುಮಾಡಿದಳು. ಸೊಸೆ ರೊಟ್ಟಿ ಸುಟ್ಟದ್ದು, ಮಗ ಹೆಂಡತಿಯ ಪರ ಮಾತಾಡಿದ್ದು, ಬೀಗಿತ್ತಿಯ ಮನೆಯವರು ಮದುವೆಯಲ್ಲಿ ಗೌರವದ ಅತಿಥಿಗೆ ಸಲ್ಲುವ ಕುರಿಯ ತಲೆಯನ್ನು ಯಾರ ಮುಂದೆ ಇಟ್ಟರು ಎನ್ನುವುದು. ನಾನು ಕೈಕಟ್ಟಿ ಕೂತೆ. ನಡುವೆ ಬಾಯಿ ಹಾಕಬಾರದು ಎನ್ನುವ ನಿಯಮವನ್ನು ಕಂಡುಹಿಡಿದವರು ಕಾನಿಶಾ ಅಕ್ಕನನ್ನು ನೋಡಿರಲಿಲ್ಲ. ಕೊನೆಗೂ ಸೊಸೆಯ ಮೇಲಿನ ಸಿಟ್ಟಿಗೆ ತಾನೇ ಬಟ್ಟೆ ಒಗೆದು ಕಾಲುವೆಯ ಹತ್ತಿರ ಹರವಲು ಹೋದಲ್ಲಿಗೆ ಬಂದಳು. "ಅಲ್ಲಿಂದ ನೋಡಿದ್ರೆ ಹೊಳೆ ಕಡೆ ಒಬ್ಬ ಮನುಷ್ಯ ಬಗ್ಗಿಕೊಂಡಿದ್ದ. ಆಮೇಲೆ ಕುಣಿಯೋಕೆ ಶುರುಮಾಡ್ದ ಕಣೇ." ಕುಣಿಯೋದು ಅಂದ್ರೆ ಹೇಗಕ್ಕಾ? "ಒಂಟಿ ಕಾಲಲ್ಲಿ. ಒಂದು ಕಾಲಲ್ಲಿ ಬೂಟಿತ್ತು, ಇನ್ನೊಂದ್ರಲ್ಲಿ ಇರ್ಲಿಲ್ಲ. ಒದ್ದೆ ನೆಲ ತಗಲಬಾರ್ದು ಅಂತ ಕುಪ್ಪಳಿಸ್ತಿದ್ದ." ಇದನ್ನು ಇಲ್ಲಿವರೆಗೂ ಯಾಕೆ ಹೇಳಲಿಲ್ಲ? "ಯಾರು ಕೇಳಿದ್ರು? ಆ ಹುಡ್ಗ ಬಂದು ಫೋಟೋ ತೋರಿಸ್ದ, ಹೌದು ಅಂದೆ. ಬೂಟಿನ ವಿಷ್ಯ ಹೇಳಿದ್ರೆ ಮುದುಕಿಗೆ ಅರಳುಮರಳು ಅಂತ ನಗ್ತಿದ್ರಿ." ಮುಖ ಕಂಡಿತ್ತೇ ಎಂದರೆ, ಬೆನ್ನು ಮಾತ್ರ ಕಂಡಿದ್ದು ಎಂದಳು.

ಬಯಲಲ್ಲಿ ಒಬ್ಬ ಮನುಷ್ಯ ಒಂದು ಬೂಟು ಕಳಚುವುದು ಯಾವಾಗ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಚಹಾದ ನೀರು ಕಾಯಿಸುವ ಸಮೋವಾರಿನಲ್ಲಿ ಕೆಂಡ ಹೊತ್ತದಿದ್ದಾಗ ನೀವೂ ಕೊಳವೆಯ ಬಾಯಿಗೆ ಬೂಟನ್ನು ತಲೆಕೆಳಗಾಗಿ ಕವುಚಿ ತಿದಿಯ ಹಾಗೆ ಒತ್ತಿ ಗಾಳಿ ಹಾಕುತ್ತಿದ್ದಿರಿ. ಅವತ್ತು ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಆದರೂ ನಾನು ಹಾರಿ ಬೀಳಲಿಲ್ಲ. ನನ್ನ ಊಹೆಯನ್ನು ಯಾರ ಬಾಯಿಗೂ ತುರುಕಬಾರದು. ಅಸಾಂಕುಲ್ ಅಜ್ಜನ ಗಂಟಲು ವಾಸಿಯಾಗುವವರೆಗೆ ಕಾಯಬೇಕು. ಕಾಯುತ್ತೇನೆ ಎಂದದ್ದಕ್ಕೆ ಶೈಲೂಬೆಕ್ "ಒಪ್ಪಿಕೊಂಡವನು ಕೈಯಲ್ಲಿದ್ದಾನೆ, ನೀನು ಬೂಟು ಹುಡುಕ್ಕೊಂಡು ಹೋಗ್ತೀಯ" ಎಂದು ಮೇಜು ಕುಟ್ಟಿದರು.

ಮಾರನೆಯ ದಿನ ಎಸೆನ್‌ನನ್ನು ಕೂರಿಸಿದೆ. ಕರ್ತವ್ಯದ ಮೇಲಿದ್ದ ವಕೀಲೆ ಚೋಲ್ಪೊನ್ ಬಂದು ಮೊದಲು ಅವನ ಜೊತೆ ಒಬ್ಬಳೇ ಮಾತಾಡಿದಳು. ಕ್ಯಾಮೆರಾ ಹಾಕಿದ್ದಾಯಿತು. ಅವನ ಹಕ್ಕುಗಳನ್ನು ಹೇಳಿದೆ. ಓದಿ ಒಪ್ಪಿಸುವ ಹಾಗಲ್ಲ, ಒಂದೊಂದನ್ನೂ ಬಿಡಿಸಿ, ಅರ್ಥವಾದದ್ದನ್ನು ಅವನ ಮಾತಿನಲ್ಲೇ ವಾಪಸ್ಸು ಕೇಳಿ. ನೀನು ಮಾತಾಡದೆ ಇರಬಹುದು, ಅದನ್ನು ಯಾರೂ ನಿನ್ನ ತಪ್ಪು ಎಂದು ತಿಳಿಯುವ ಹಾಗಿಲ್ಲ ಎಂದೆ. ಅವನು ನಕ್ಕ. ಆ ಕೋಣೆಗೆ ಬಂದ ಮೇಲೆ ಮೊದಲ ಸಲ. "ಎಲ್ರೂ ನಂಗೆ ಅ... ಅದನ್ನೇ ಹೇಳ್ತಾರೆ, ಅಕ್ಕಾ. ಮಾ... ಮಾತಾಡ್ಬೇಡ ಅಂತ." ಮಾತಾಡಬೇಕು ಅಂತ ಅನಿಸಿದರೆ ಎಷ್ಟು ಹೊತ್ತು ಬೇಕಾದರೂ ತಗೋ, ನನಗೆ ಬೇರೆ ಕೆಲಸವಿಲ್ಲ ಎಂದೆ. ಅದು ಸುಳ್ಳು, ಮೇಜಿನ ತುಂಬ ಕೆಲಸವಿತ್ತು. ಆದರೂ ಕಾದೆ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಹೊರಗೆ ಲಾರಿಯೊಂದು ಬಂದು, ಹಿಂದೆ ಮುಂದೆ ಆಗಿ, ತಿರುಗಿಕೊಂಡು ಹೋಗುವಷ್ಟು ಹೊತ್ತಾಗುತ್ತಿತ್ತು. ಕ್ಯಾಮೆರಾದವನು ನಿಟ್ಟುಸಿರು ಬಿಟ್ಟ. ಬಾಗಿಲ ಗಾಜಿನಲ್ಲಿ ಶೈಲೂಬೆಕ್ ಅವರ ಮುಖ ಬಂದು ಹೋಯಿತು. ಅವನ ಗಂಟಲಲ್ಲಿ ಸಿಕ್ಕಿಕೊಂಡ ಪದ ಯಾವುದೆಂದು ನನಗೆ ಎಷ್ಟೋ ಸಲ ಗೊತ್ತಾಗುತ್ತಿತ್ತು, ನಾಲಗೆಯ ತುದಿವರೆಗೂ ಬರುತ್ತಿತ್ತು. ಕಚ್ಚಿ ಹಿಡಿದು ಕೂತೆ.

ಆ ತಪ್ಪೊಪ್ಪಿಗೆ ಹೇಗಾಯಿತು ಎಂದು ಕೇಳಿದೆ. ಅವನು ಹೇಳಿದ್ದನ್ನು ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಚೋಲ್ಪೊನ್ ಅದನ್ನು ನ್ಯಾಯಾಧೀಶರ ಮುಂದೆ ಬಹಿರಂಗ ವಿಚಾರಣೆಯಲ್ಲಿ ಓದಿಯಾಗಿದೆ, ಬಜಾರಿನಲ್ಲಿ ಆಲೂಗಡ್ಡೆ ಮಾರುವವರಿಗೂ ಗೊತ್ತು. ಯಾರೂ ಹೊಡೆಯಲಿಲ್ಲ ಎಂದ. ಬೆಳಿಗ್ಗೆಯಿಂದ ಕೂಡಿಹಾಕಿದ್ದರು, ಹಸಿವಾಗಿತ್ತು, ಆಗ ಒಬ್ಬ ಅಜ್ಜ ಬಂದರು. ಬಿಳಿ ಉಣ್ಣೆಯ ಟೋಪಿ, ಕುಂಟುತ್ತಿದ್ದರು. ತಿಲೆಕ್‌ನಿಗೆ ಹೇಳಿ ಚಹಾ ತರಿಸಿದರು, ರೊಟ್ಟಿಯನ್ನು ತಮ್ಮ ಕೈಯಾರೆ ಮುರಿದು ಕೊಟ್ಟರು. ನಿಮ್ಮಮ್ಮ ಹೊರಗೆ ಕಲ್ಲಿನ ಮೇಲೆ ಕೂತು ಕಾಯ್ತಿದ್ದಾಳಪ್ಪ, ಬೇಗ ಹೇಳಿ ಮುಗಿಸಿದರೆ ಅವಳ ಜೊತೆ ಮನೆಗೆ ಹೋಗಿ ಊಟ ಮಾಡಬಹುದು, ಹುಲ್ಲು ತಾನೆ, ಯಾರೂ ಸತ್ತಿಲ್ಲ, ಸಿಟ್ಟಿನಲ್ಲಿ ಆಗಿಹೋಗುತ್ತದೆ ಎಂದರು. ಆವತ್ತು ಮಧ್ಯಾಹ್ನ ಎಲ್ಲಿದ್ದೆ ಮಗನೇ ಎಂದು ಕೇಳಿದರು. ಪಕ್ಕದ ಮನೆಯವರ ಹೆಣ್ಣುಕುದುರೆ ತಪ್ಪಿಸಿಕೊಂಡಿತ್ತು, ಇವನು ಅದನ್ನು ಹುಡುಕಿಕೊಂಡು ಬೆಟ್ಟಕ್ಕೆ ಹೋಗಿದ್ದ. ಅದನ್ನು ಹೇಳಲು ಬಾಯಿ ತೆಗೆದ. "ನಾನು ಬೆ... ಬೆ... ಅಂದೆ, ಅಕ್ಕಾ. ಬೆ... ಬೆಟ್ಟದಲ್ಲಿದ್ದೆ ಅನ್ನೋಕೆ. ಅಜ್ಜ ಬೆನ್ನು ಸವರಿ, 'ಬೆಂಕಿ ಹಚ್ಚಿದೆ, ಅಷ್ಟೇ ತಾನೆ? ಹೇಳಪ್ಪ, ಹೆದರ್ಬೇಡ' ಅಂದ್ರು." ಮತ್ತೆ ನೀನು? "ತಲೆ ಆ... ಆಡಿಸ್ದೆ." ಯಾಕೆ ಆಡಿಸಿದೆ? "ಯಾರಾದ್ರೂ ನನ್ನ ಮಾತು ಮು... ಮುಗಿಸಿಕೊಟ್ರೆ ನಾನು ಯಾವಾಗ್ಲೂ ತಲೆ ಆಡಿಸ್ತೀನಿ. ಇಲ್ಲ ಅಂದ್ರೆ ಮೊ... ಮೊದಲಿಂದ ಶುರು ಮಾಡ್ಬೇಕಲ್ಲ."

ಬಿಳಿ ಟೋಪಿಯ, ಕುಂಟುವ ಅಜ್ಜಂದಿರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಪೊಲೀಸ್ ಮೇಜರಾಗಿ ನಿವೃತ್ತರಾದ ಮೇಲೂ ನಮ್ಮ ಠಾಣೆಯೊಳಗೆ ಚದುರಂಗ ಆಡುವ ನೆಪದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಬಂದು ಹೋಗುವವರು, ಲೆಫ್ಟಿನೆಂಟನಿಂದ ಚಹಾ ತರಿಸುವವರು ಒಬ್ಬರೇ. ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿದೆ. ಯಾಕೆ ನಿಲ್ಲಿಸುತ್ತಿದ್ದೇನೆ ಎಂದು ಕ್ಯಾಮೆರಾದ ಮುಂದೆಯೇ ಹೇಳಿದೆ: ಈ ವಿಷಯದಲ್ಲಿ ನನ್ನ ಮನೆಯವರೊಬ್ಬರು ಇರಬಹುದು, ನಾನು ಮುಂದುವರಿಸುವಂತಿಲ್ಲ. ಎಸೆನ್‌ಗೆ ಗಾಬರಿಯಾಯಿತು, ತಾನೇನೋ ತಪ್ಪು ಹೇಳಿದೆ ಎಂದುಕೊಂಡ. ಇಲ್ಲಪ್ಪಾ, ನೀನು ಸರಿಯಾಗಿಯೇ ಹೇಳಿದೆ ಎಂದು ಅವನಿಗೆ ತಿಳಿಹೇಳಿ ಹೊರಗೆ ಬಂದೆ.

ಶೈಲೂಬೆಕ್ ಕೋಣೆಯ ಬಾಗಿಲು ಹಾಕಿಕೊಂಡು ನನ್ನ ಮೇಲೆ ಹರಿಹಾಯ್ದರು. "ಅವರು ನನ್ನ ಗುರುಗಳು. ಈ ಠಾಣೆಗೆ ಮರ್ಯಾದೆ ತಂದ್ಕೊಟ್ಟೋರು. ಒಬ್ಬ ತೊದಲ ಏನೋ ಅಂದ ಅಂತ ಸ್ವಂತ ಅಪ್ಪನ್ನ ಬೀದಿಗೆ ಎಳೀತೀಯಾ?" ಎಂದರು. ನಾನು ಎಳೆಯುತ್ತಿಲ್ಲ, ಪಕ್ಕಕ್ಕೆ ಸರಿಯುತ್ತಿದ್ದೇನೆ ಎಂದೆ. ಪ್ರಾಂತದ ಕಚೇರಿಯಿಂದ ಜಾನಿಶ್ ಎನ್ನುವ ಬೇರೊಬ್ಬ ತನಿಖಾಧಿಕಾರಿ ಬಂದರು. ಕಡಿಮೆ ಮಾತಿನ ಮನುಷ್ಯ, ಊಟಕ್ಕೆ ಕರೆದರೂ ಬರಲಿಲ್ಲ. ವೈದ್ಯರು ಒಪ್ಪಿದ ದಿನ ಆಸ್ಪತ್ರೆಗೆ ಹೋಗಿ ಅಸಾಂಕುಲ್ ಅಜ್ಜನ ಹತ್ತಿರ ಕೂತು, ಆವತ್ತು ಏನಾಯ್ತು ಅಜ್ಜಾ ಎಂದು ಮಾತ್ರ ಕೇಳಿದರಂತೆ. ಅಜ್ಜ ಮೊದಲು ಗೋಡೆಯ ಕಡೆ ತಿರುಗಿಕೊಂಡ. ಆಮೇಲೆ ತಾನಾಗಿಯೇ ಹೇಳಿದ. ಚಳಿಗೆ ಚಹಾ ಕಾಯಿಸಲು ಹೊಳೆಯ ಬದಿಯಲ್ಲಿ ಸಮೋವಾರ್ ಇಟ್ಟಿದ್ದ, ಬೂಟಿನಿಂದ ಗಾಳಿ ಹಾಕಿದ, ಕಿಡಿ ಹಾರಿತು. ಆರಿಸಲು ಹೋಗಿ ಕೈ ಸುಟ್ಟುಕೊಂಡ. ಊರಿನವರ ಮುಖ ಹೇಗೆ ನೋಡಲಿ ಎಂದು ಅತ್ತನಂತೆ. ಎಸೆನ್‌ನನ್ನು ಹಿಡಿದಿದ್ದಾರೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಬ್ಯಾಂಡೇಜಿನ ಕೈಯಲ್ಲೇ ಹಾಸಿಗೆಯಿಂದ ಎದ್ದುಬಂದ. ಅಂದರೆ ಹಚ್ಚಿದವರೇ ಇಲ್ಲದ ಬೆಂಕಿಗೆ ನಮ್ಮ ಠಾಣೆ ಒಬ್ಬನಿಂದ ಒಪ್ಪಿಗೆ ತೆಗೆಸಿತ್ತು.

ಎಸೆನ್ ಮನೆಗೆ ಹೋಗಿದ್ದಾನೆ. ಇಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು, ಎಲ್ಲರೂ ಮುಗಿಯಿತೆಂದೇ ಹೇಳುತ್ತಿದ್ದಾರೆ. ಅವನ ತಾಯಿ ಕೂಡ ನನ್ನ ಕೈಹಿಡಿದು, "ಬಂದ್ನಲ್ಲ ತಾಯಿ, ಇನ್ನು ದೊಡ್ಡೋರ ಸಹವಾಸ ನಮಗ್ಯಾಕೆ" ಎಂದಳು. ಆದರೆ ಚೋಲ್ಪೊನ್ ದೂರು ಕೊಟ್ಟಳು, ಕೊಡಬೇಕಾದದ್ದೇ. ವಕೀಲರಿಲ್ಲದೆ, ಸುಳ್ಳು ಭರವಸೆ ಕೊಟ್ಟು ಹೇಳಿಕೆ ಬರೆಸಿಕೊಂಡದ್ದು ಯಾರು ಎಂದು ಈಗ ವಿಚಾರಣೆ ನಡೆಯುತ್ತಿದೆ. ಕಾಗದದಲ್ಲಿ ಇರುವುದು ತಿಲೆಕ್‌ನ ಹೆಸರು ಒಂದೇ. ಶೈಲೂಬೆಕ್ ಅವನನ್ನು ಕರೆದು ಬುದ್ಧಿ ಹೇಳಿದ್ದಾರೆ: ಯಾವ ಅಜ್ಜನೂ ಬಂದಿರಲಿಲ್ಲ, ಹುಡುಗ ಗಲಿಬಿಲಿಯಲ್ಲಿ ಏನೋ ಹೇಳಿದ್ದಾನೆ, ಎಲ್ಲ ನಾನೇ ಮಾಡಿದೆ ಎಂದುಬಿಡು, ನಿನ್ನನ್ನು ಎಲ್ಲಾದರೂ ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುವುದು ಎಂದರೆ ಕೆಲಸ ಹೋಗುವುದು, ಮೊಕದ್ದಮೆಯೂ ಆಗಬಹುದು. ಅವನ ಹೆಂಡತಿಗೆ ದಿನ ತುಂಬಿವೆ. ಮೆಟ್ಟಿಲ ಹತ್ತಿರ ಸಿಕ್ಕಿದಾಗ ನಾನು ಒಂದೇ ಮಾತು ಕೇಳಿದೆ: ನೀನು ಯಾಕೆ ಸುಮ್ಮನಿದ್ದೀಯ? "ಮೇಜರ್ ಅಜ್ಜನ ಹೆಸರು ನನ್ನ ಬಾಯಿಂದ ಬರಲ್ಲ ಅಕ್ಕಾ. ಅವರು ಹೇಳಿದ್ರು, ನಾನು ಬರ್ದೆ. ಬೇಡ ಅನ್ನೋ ಧೈರ್ಯ ಇರ್ಲಿಲ್ಲ, ಅದು ನನ್ನ ತಪ್ಪೇ ತಾನೆ" ಎಂದ. ಹೌದು, ಅದು ಅವನ ತಪ್ಪೇ. ಆದರೆ ಅಷ್ಟು ಮಾತ್ರ ಅವನದು. ಈ ನಿಷ್ಠೆಯನ್ನು ಕಂಡು ಮೆಚ್ಚಬೇಕೋ ಎರಡು ಬಾರಿಸಬೇಕೋ ನನಗೆ ತಿಳಿಯಲಿಲ್ಲ.

ಅಮ್ಮನದು ಬೇರೆಯೇ ವಾದ. "ನಿಮ್ಮಪ್ಪ ಆ ಕುರ್ಚೀಲಿ ಕೂತಷ್ಟು ಕಾಲ ಯಾರ ಮೇಲೂ ಕೈ ಎತ್ಲಿಲ್ಲ. ಬೇರೆಯವರ ಕೋಣೆಯಿಂದ ಕಿರುಚಾಟ ಕೇಳಿಸ್ತಿತ್ತು, ಇವರ ಕೋಣೆಯಿಂದ ಚಹಾದ ಲೋಟದ ಸದ್ದು ಕೇಳಿಸ್ತಿತ್ತು. ಅಂಥವರಿಗೆ ನೀನು ಇದನ್ನ ಮಾಡ್ತೀಯಾ" ಎನ್ನುತ್ತಾಳೆ. ನನಗೆ ಗೊತ್ತಿಲ್ಲವೇ, ಅಪ್ಪಾ? ಅದಕ್ಕೇ ಅಲ್ಲವೇ ನಾನು ಈ ಕೆಲಸಕ್ಕೆ ಸೇರಿದ್ದು. ಶಾಲೆಯಲ್ಲಿ ಮಕ್ಕಳು ನಿಮ್ಮಪ್ಪ ಪೊಲೀಸು ಎಂದು ಮೂದಲಿಸಿದಾಗ ನಾನು ತಲೆ ಎತ್ತಿಕೊಂಡೇ ನಡೆದೆ. ಆದರೆ ಎಸೆನ್‌ಗೆ ಹೊಡೆದಿದ್ದರೆ ಗಾಯವಾದರೂ ಕಾಣುತ್ತಿತ್ತು, ವೈದ್ಯರು ಬರೆದುಕೊಳ್ಳುತ್ತಿದ್ದರು, ತನಗೆ ಅನ್ಯಾಯವಾಯಿತು ಎಂದು ಅವನಿಗಾದರೂ ತಿಳಿಯುತ್ತಿತ್ತು. ನಿನ್ನೆ ಬಜಾರಿನಲ್ಲಿ ಸಿಕ್ಕಿದ್ದ. ಏನು ಕೇಳಿದ ಗೊತ್ತೇ? "ಆ ಅ... ಅಜ್ಜ ಚೆನ್ನಾಗಿದಾರಾ, ಅಕ್ಕಾ? ಅವರಿಗೇನೂ ತೊ... ತೊಂದರೆ ಆಗಲ್ಲ ಅಲ್ವಾ?" ನಿಮ್ಮ ಮೇಲೆ ಅವನಿಗೆ ಒಂದಿಷ್ಟೂ ಸಿಟ್ಟಿಲ್ಲ. ನನಗೆ ಇದೆ. ಮನೆಗೆ ಬಿಡುವ ಅಧಿಕಾರ ನಿಮಗಿರಲಿಲ್ಲ, ಬಿಡುವುದಿಲ್ಲ ಎಂದೂ ನಿಮಗೆ ಗೊತ್ತಿತ್ತು. ಅವನು ಸಹಿ ಹಾಕಿದ ಮೇಲೆ ಅವನ ತಾಯಿ ಆ ಕಲ್ಲಿನ ಮೇಲೆ ಕತ್ತಲಾಗುವವರೆಗೂ ಕೂತಿದ್ದಳು. ನೀವು ಅದೇ ಬಾಗಿಲಿನಿಂದ ಹೊರಗೆ ಹೋಗಿರಬೇಕು. ಅವಳಿಗೆ ಏನಾದರೂ ಹೇಳಿದಿರಾ, ಅಥವಾ ಟೋಪಿ ಮುಟ್ಟಿ ನಮಸ್ಕಾರ ಮಾಡಿ ಹೊರಟಿರಾ? ನಿಮ್ಮ ಉದ್ದೇಶ ಒಳ್ಳೆಯದೇ ಇತ್ತು, ತಪ್ಪು ಮಾಡಿದ ಹುಡುಗನಿಗೆ ಏಟು ತಪ್ಪಿಸುತ್ತಿದ್ದೇನೆ ಎಂದುಕೊಂಡಿರಿ ಎಂದು ನಾನು ನಂಬುತ್ತೇನೆ. ಅವನು ತಪ್ಪು ಮಾಡಿದ್ದಾನೆ ಎಂದು ನಿಮಗೆ ಮೊದಲೇ ಹೇಗೆ ಗೊತ್ತಿತ್ತು ಎನ್ನುವುದು ಮಾತ್ರ, ಎಷ್ಟು ಯೋಚಿಸಿದರೂ, ನನಗೆ ಹೊಳೆಯುವುದಿಲ್ಲ.

ಸಾಕು. ಬರೆದು ಬರೆದು ಕೈ ನೋಯುತ್ತಿದೆ, ಅಮ್ಮ ದೀಪ ಆರಿಸು ಎಂದು ಒಳಗಿನಿಂದ ಗೊಣಗುತ್ತಿದ್ದಾಳೆ. ಬೂದುಬಣ್ಣದ ಉಣ್ಣೆಯ ಕಾಲುಚೀಲ ಹೆಣೆದಿದ್ದಾಳೆ, ಈ ಪತ್ರದ ಜೊತೆ ಇಟ್ಟಿದ್ದೇನೆ. ಅಲ್ಲಿ ಸರೋವರದ ಗಾಳಿ ಕೆಟ್ಟದ್ದು, ಸ್ನಾನವಾದ ಕೂಡಲೇ ಹೊರಗೆ ಅಡ್ಡಾಡಬೇಡಿ. ನಿಮ್ಮ ಕೋಣೆಯ ಜೊತೆಗಾರರಿಗೆ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮ ಮಂಡಿಗೂ ಮನಸ್ಸಿಗೂ ಬಲ ಕೊಡಲಿ.

ನಿಮ್ಮ ಮಗಳು,
ಬುರುಲ್

ಶುಕ್ರವಾರ, ಜೋರೊಬೆಕ್ ಹೊರಡುವ ಮೊದಲು. ಮರೆತಿದ್ದೆ, ಅಪ್ಪಾ: ಮರೆತಿದ್ದೆ ಎನ್ನುವುದೂ ಸುಳ್ಳು, ಮೇಲೆ ಬರೆಯಲು ಕೈ ಬರಲಿಲ್ಲ. ಬುಧವಾರ ಜಾನಿಶ್ ನನ್ನನ್ನೂ ಸಾಕ್ಷಿಯಾಗಿ ಕೂರಿಸಿದರು. ಹತ್ತಿರದ ಸಂಬಂಧಿಕರ ವಿರುದ್ಧ ಏನನ್ನೂ ಹೇಳದೆ ಇರುವ ಹಕ್ಕು ನಿಮಗಿದೆ ಎಂದು ನಿಧಾನವಾಗಿ, ಬಿಡಿಸಿ, ಹೇಳಬೇಕಾದ ಹಾಗೆಯೇ ಹೇಳಿದರು. ಕೇಳಿಸಿಕೊಂಡೆ. ಆಮೇಲೆ ಹೇಳಿದೆ. ಎಸೆನ್ ಸಹಿ ಹಾಕಿದ ದಿನ ರಾತ್ರಿ ಊಟಕ್ಕೆ ಕೂತಾಗ ನೀವು ಚಹಾ ಊದುತ್ತಾ ಆಡಿದ ಮಾತನ್ನು ಒಂದಕ್ಷರ ಸೇರಿಸದೆ, ಬಿಡದೆ ಹೇಳಿದೆ. ಯಾವುದೋ ಹಳೆಯ ಮೊಕದ್ದಮೆಯ ಜಂಬ ಎಂದುಕೊಂಡು ಆಗ ನಾನು ನಕ್ಕಿದ್ದೆ. ಆ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ನೀವು ಹೇಳುವುದು ನಿಮ್ಮ ನೆನಪಿನಿಂದಲೇ ಬರಬೇಕು. ನಿಮಗೆ ಸಮನ್ಸ್ ಹೊರಟಿದೆ, ಸೋಮವಾರ ತಲುಪುತ್ತದೆ. ಬರುವಾಗ ವಕೀಲರನ್ನು ಕರೆದುಕೊಂಡು ಬನ್ನಿ, ನನಗೇಕೆ ವಕೀಲರು ಎನ್ನಬೇಡಿ. ಸುಮ್ಮನಿರುವ ಹಕ್ಕು ನಿಮಗೂ ಇದೆ. ನೀವು ಸುಮ್ಮನಿದ್ದರೆ ನಾನು ಏನೂ ಅನ್ನುವುದಿಲ್ಲ, ಅಮ್ಮನಿಗೂ ಅನ್ನಲು ಬಿಡುವುದಿಲ್ಲ. ತಿಲೆಕ್‌ನ ಹೆಂಡತಿಗೆ ಇವತ್ತು ಬೆಳಿಗ್ಗೆ ಹೆಣ್ಣುಮಗುವಾಯಿತು.